ನ್ಯೂಟನ್ ಉಂಗುರ ಕಲಿಸುವ ಗುರುಗಳಿಗೆ ಒಂದು ಬಹಿರಂಗ ಪತ್ರ

ರೋಣ, ನರಗುಂದ, ಗಜೇಂದ್ರಗಡದ ಕಾಲೇಜುಗಳಲ್ಲಿ ಭೌತಶಾಸ್ತ್ರ ಕಲಿಸುವ ಗುರುಗಳೇ,

ಸೋಡಿಯಂ ದೀಪ ಹಚ್ಚಿ ಉಂಗುರ ಎಣಿಸಲು ಕೂತ ಹುಡುಗಿಗೆ ದಯವಿಟ್ಟು ಹೇಳಿ: ದೊಡ್ಡ ದೂರದರ್ಶಕಗಳ ಕನ್ನಡಿ ಅಳೆಯುವವರು ನೋಡುವುದೂ ಇಂಥ ಗೆರೆಗಳನ್ನೇ. ಒಂದು ಕಪ್ಪು ಉಂಗುರದಿಂದ ಮುಂದಿನದಕ್ಕೆ ಹೋದರೆ ಮಸೂರಕ್ಕೂ ಅದರಡಿಯ ಗಾಜಿಗೂ ನಡುವಿನ ಸಂದು ಅರ್ಧ ತರಂಗಾಂತರದಷ್ಟು, ಸುಮಾರು 295 ನ್ಯಾನೊಮೀಟರ್, ಹಿಗ್ಗಿರುತ್ತದೆ. ಭಾರತವೂ ಪಾಲುಗೊಂಡ ಮೂವತ್ತು ಮೀಟರ್ ದೂರದರ್ಶಕದ ಕನ್ನಡಿಗೆ 492 ಷಟ್ಕೋನ ತುಂಡುಗಳು ಬೇಕು, ಒಂದೊಂದೂ 1.44 ಮೀಟರ್ ಅಗಲ. ಭಾರತದ ಪಾಲಿನವಕ್ಕೆ ಹೊಳಪು ಕೊಡಲೆಂದು ಭಾರತೀಯ ತಾರಾಭೌತ ಸಂಸ್ಥೆ ಹೊಸಕೋಟೆಯಲ್ಲಿ ಕಾರ್ಯಾಗಾರ ಕಟ್ಟಿದೆ. 492 ತುಂಡುಗಳೂ ಸೇರಿ ಒಂದೇ ಬಾಗು ಆಗಬೇಕಾದ್ದರಿಂದ ಅವುಗಳಲ್ಲಿ 82 ಬಗೆಯ ಆಕಾರಗಳಿವೆ. ಯಾವುದೂ ಗೋಳದ ಚೂರಲ್ಲ. ಇಂಥ ಮೇಲ್ಮೈ ಅಳೆಯುವಾಗ ಸಾಮಾನ್ಯವಾಗಿ ಬೆಳಕನ್ನೇ ಮೊದಲು ಮಸೂರದಿಂದಲೋ ಹೊಲೊಗ್ರಾಮಿನಿಂದಲೋ ಆ ಆಕಾರಕ್ಕೆ ತಿದ್ದಿ ಕನ್ನಡಿಯ ಮೇಲೆ ಬಿಡುತ್ತಾರೆ.

ತಿದ್ದಿದ ಬೆಳಕೇ ತಪ್ಪಿದ್ದರೆ? 1990ರಲ್ಲಿ ಹಾರಿದ ಹಬಲ್ ದೂರದರ್ಶಕಕ್ಕೆ ಆದದ್ದು ಅದೇ. ಪರೀಕ್ಷೆಯ ಉಪಕರಣದೊಳಗೆ ಒಂದು ಮಸೂರ 1.3 ಮಿಲಿಮೀಟರ್ ಸರಿದು ಕೂತಿತ್ತು. ಅದನ್ನೇ ನಂಬಿ 2.4 ಮೀಟರ್ ಕನ್ನಡಿಯನ್ನು ತಿಕ್ಕಿದರು. ಕನ್ನಡಿ ಆ ತಪ್ಪು ಬೆಳಕಿಗೆ ಹೊಂದಿ ಗೆರೆಗಳು ನೇರವಾದವು, ಅಂಚು ಮಾತ್ರ 2.2 ಮೈಕ್ರಾನ್‌ನಷ್ಟು ಚಪ್ಪಟೆಯಾಯಿತು. ನನಗೆ ಈಗಲೂ ಸಂಕಟವಾಗುವುದು ಇದಕ್ಕೆ: ಬೇರೆ ಎರಡು ಸಾಧನಗಳು ದೋಷವನ್ನು ತೋರಿಸಿದ್ದವು. ಅವು ಅಷ್ಟು ನಿಖರವಲ್ಲವೆಂದು ಪಕ್ಕಕ್ಕಿಟ್ಟರು. ಕೊನೆಗೆ 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ರಿಪೇರಿ ಮಾಡಬೇಕಾಯಿತು.

ಭೀಮಸೇನ ಜೋಶಿಯವರು ಹುಟ್ಟಿದ ರೋಣದಲ್ಲಿ ಇದನ್ನು ತಂಬೂರಿ ಹಿಡಿದೇ ತಿಳಿಸಬಹುದು. ಎರಡು ತಂತಿ ಹೊಂದದಿದ್ದರೆ ನಾದ ಅಲೆಯಾಡುತ್ತದೆ, ಹೊಂದಿದಾಗ ಅಲೆ ನಿಲ್ಲುತ್ತದೆ. ಆದರೆ ಮೊದಲ ತಂತಿಯೇ ಇಳಿದಿದ್ದರೆ ಎರಡೂ ಹೊಂದಿಯೂ ಶ್ರುತಿ ತಪ್ಪೇ. ಅದು ಗೊತ್ತಾಗಬೇಕಾದರೆ ಹಾರ್ಮೋನಿಯಂ ನುಡಿಸಿ ನೋಡಬೇಕು.

ಅದಕ್ಕೇ ಈ ಬೇಡಿಕೆ. ಹಳೆಯ ರೆಕಾರ್ಡಿನ ಉತ್ತರಕ್ಕೆ ಹೊಂದುವಂತೆ ರೀಡಿಂಗ್ ತಿದ್ದಿ ಬರೆಯುವುದಕ್ಕೆ ಲ್ಯಾಬಿನಲ್ಲಿ ಜಾಗ ಕೊಡಬೇಡಿ. ಉಂಗುರದಿಂದ ಬಾಗು ಅಳೆದ ಮಸೂರವನ್ನೇ ಸ್ಫೆರೋಮೀಟರಿನಿಂದಲೂ ಅಳೆಯಲು ಹಚ್ಚಿ. ಉತ್ತರ ಬೇರೆ ಬಂದರೆ ಎರಡೂ ರೆಕಾರ್ಡಿನಲ್ಲಿ ಉಳಿಯಲಿ. ಗಾಜುಗಳ ನಡುವೆ ಧೂಳು ಕೂತಿತ್ತೇ, ಮೈಕ್ರೋಸ್ಕೋಪಿನ ಸ್ಕ್ರೂ ಹಿಂದೆ ಮುಂದೆ ತಿರುಗಿಸಿದ್ದರಿಂದ ಬ್ಯಾಕ್‌ಲ್ಯಾಶ್ ಸೇರಿತೇ ಎಂದು ಆ ಹುಡುಗಿಯೇ ಹುಡುಕಲಿ. ಪ್ರಾಕ್ಟಿಕಲ್‌ಗೆ ಬರುವ ಪರೀಕ್ಷಕರಿಗೂ ತಿಳಿಸಿ, ಆ ಹುಡುಕಾಟಕ್ಕೆ ಅಂಕ ಇರಲಿ.

ಇಂತಿ,
ಇಂಥದೇ ಲ್ಯಾಬಿನಲ್ಲಿ ಕಲಿತ ಹಳೆಯ ವಿದ್ಯಾರ್ಥಿ