ಇಂಗ್ಲಿಷರ ಕಾಲದ ಉಳಿ

ಖಾಸಬಾಗದ ರವಿವಾರದ ಸಂತೆಗೆ ಕಾಯಿಪಲ್ಲೆಗೆಂದು ಬರುವವರು ಒಂದು ಜಾತಿ, ಗುಜರಿಗೆಂದು ಬರುವವರು ಇನ್ನೊಂದು. ನಾನು ಮೊದಲನೆಯವರ ಚೀಲ ಹಿಡಿದು ಹೊರಟು ಎರಡನೆಯವರ ಗುಂಪಿಗೆ ಸೇರಿಹೋಗುವವನು. ತಾಡಪತ್ರಿಯ ಮೇಲೆ ಪಾನಾ, ಪಕ್ಕಡ, ರಂದಾ, ಹಿಡಿಯಿಲ್ಲದ ಸುತ್ತಿಗೆ, ಸುತ್ತಿಗೆಯಿಲ್ಲದ ಹಿಡಿ ಎಲ್ಲ ಒಟ್ಟಿಗೇ ಬಿದ್ದಿರುತ್ತವೆ. ಯಾವುದನ್ನು ಎತ್ತಿದರೂ ಮಾರುವವನದು ಒಂದೇ ಮಾತು: "ಇಂಗ್ಲಿಷರ ಕಾಲದ್ದರೀ ಸರ, ಈಗಿನ ಮಾಲು ಇದರ ಮುಂದ ಏನೂ ಅಲ್ಲ." ಸಾಕ್ಷಿಗೆ ತುಕ್ಕು. ಖಾನಾಪುರದಾಚೆ ಕಣಕುಂಬಿಯ ಮಳೆಯಲ್ಲಿಟ್ಟರೆ ಮೊನ್ನೆ ಕೊಂಡ ಪಾನಾ ಕೂಡ ಎರಡು ವಾರದಲ್ಲಿ ಇಂಗ್ಲಿಷರ ಕಾಲಕ್ಕೆ ಹೋಗಿ ಮುಟ್ಟುತ್ತದೆ!

ಆದರೂ ಅಲ್ಲಿ ಸಿಕ್ಕ ಉಳಿಯೊಂದು ನನ್ನ ಬಾಯಿ ಮುಚ್ಚಿಸಿತು. ಹಿಡಿಯ ತಲೆಗೆ ಕಬ್ಬಿಣದ ಬಳೆ. ಹೆಬ್ಬೆರಳು ಕೂಡುವಲ್ಲಿ ಕಟ್ಟಿಗೆ ಸವೆದು ಕುಳಿ ಬಿದ್ದಿದೆ. ಕತ್ತಿನ ಬಳಿ ಚುಕ್ಕಿಚುಕ್ಕಿಯಾಗಿ ಹೊಡೆದ ಎರಡು ಅಕ್ಷರ. ಗೇಣುದ್ದ ಇದ್ದಿರಬಹುದಾದ ಅಲಗು ಮಸೆದು ಮಸೆದು ಬೆರಳುದ್ದಕ್ಕೆ ಇಳಿದಿದೆ. ಯಾವನೋ ಬಡಿಗನ ಇಡೀ ಆಯುಷ್ಯ ಸಾಣೆಕಲ್ಲಿಗೆ ಹೋಗಿದೆ.

ಹಳೆಯ ಉಕ್ಕಿನಲ್ಲಿ ಮಂತ್ರವೇನೂ ಇಲ್ಲ. ಕೆಂಪಗೆ ಕಾಸಿ ಅದ್ದಿದರೆ ಅಲಗು ಬಿರುಸಾಗುತ್ತದೆ. ಅಷ್ಟಕ್ಕೇ ಬಿಟ್ಟರೆ ಚಕ್ಕೆ ಏಳುತ್ತದೆ. ಮತ್ತೆ ಹದವಾಗಿ ಕಾಸಿ, ಒಣಹುಲ್ಲಿನ ಬಣ್ಣ ಬಂದೊಡನೆ ತಣಿಸಬೇಕು. ಲಾರಿಯ ಕಮಾನ್ ಪಟ್ಟಿಯಿಂದ ಕುಡಗೋಲು ಬಡಿಯುವ ಕಮ್ಮಾರ ಇದನ್ನು ಕಣ್ಣಳತೆಯಲ್ಲೇ ಮಾಡುತ್ತಾನೆ, ಕಾರ್ಖಾನೆ ಮೀಟರು ನೋಡಿ ಮಾಡುತ್ತದೆ. ಇಂಗ್ಲಿಷರ ಉಕ್ಕಿನ ಊರಾದ ಶೆಫೀಲ್ಡಿನಲ್ಲೂ ಕೆಟ್ಟ ಉಳಿಗಳು ಹುಟ್ಟಿರಲೇಬೇಕು. ಅವು ಎಂದೋ ಭಟ್ಟಿಗೆ ಬಿದ್ದು ಕರಗಿದವು, ಒಳ್ಳೆಯವಷ್ಟೇ ತಾಡಪತ್ರಿಯವರೆಗೆ ಬಂದವು. ಉಳಿದದ್ದನ್ನು ನೋಡಿ ಆ ಕಾಲವನ್ನೇ ಹೊಗಳುತ್ತೇವೆ.

ಇನ್ನು ಹೊಸದೆಂದು ಮಾರುವ ಕಬ್ಬಿಣದ ರಂದಾ ನಿಜಕ್ಕೂ ಹೊಸದೇ? ತಿರುಪು ತಿರುಗಿಸಿ ಅಲಗನ್ನು ಏರಿಸಿ ಇಳಿಸುವ ಆ ಏರ್ಪಾಡಿಗೆ ಅಮೆರಿಕದ ಲಿಯೊನಾರ್ಡ್ ಬೇಲಿ ಪೇಟೆಂಟ್ ಪಡೆದದ್ದು 1867ರಲ್ಲಿ. ನಮ್ಮ ಕಟ್ಟಿಗೆಯ ರಂದಾಕ್ಕೆ ಬೆಣೆ ಬಡಿದು ಹದ ಕೂಡಿಸಬೇಕು. ಒಂದು ಏಟು ಹೆಚ್ಚಾದರೆ ಹಲಗೆಯಲ್ಲಿ ಹಳ್ಳ. ಈ ವಿಷಯದಲ್ಲಿ ನಾನು ಬೇಲಿಯ ಕಡೆಗೆ.

ಗರಗಸದ್ದು ಮಾತ್ರ ಬೇರೆ ಲೆಕ್ಕ. ಈಗಿನ ಹಲವು ಗರಗಸಗಳ ಹಲ್ಲಿನ ತುದಿಯನ್ನು ಎಷ್ಟು ಗಟ್ಟಿ ಮಾಡಿರುತ್ತಾರೆಂದರೆ ಅರ ಹಾಕಿದರೆ ಅರವೇ ಜಾರುತ್ತದೆ. ಬಹುಕಾಲ ಕೊಯ್ಯುತ್ತವೆ, ಮೊಂಡಾದ ದಿನ ಎಸೆಯಬೇಕು. ಹಳೆಯದು ಬೇಗ ಮೊಂಡಾಗುತ್ತಿತ್ತು, ಅರ ಹಾಕುವವನ ಹೊಟ್ಟೆಯೂ ತುಂಬುತ್ತಿತ್ತು.

ಖಾನಾಪುರದ ಕಡೆಯ ಬಡಿಗರೊಬ್ಬರ ಹತ್ತಿರ ಎರಡೂ ಇದ್ದವು. ಪ್ಲೈವುಡ್ಡಿನ ಅಂಟು ಹಳೆಯ ಹಲ್ಲನ್ನು ತಿನ್ನುತ್ತದೆಂದು ಅದಕ್ಕೆ ಹೊಸದು, ಸಾಗವಾನಿಗೆ ಹಳೆಯದು. ನಾನು ಯಾವುದು ತೊಗೊಳ್ಳಲಿ ಎಂದು ಕೇಳಿದೆ.

"ನಿಮಗ ಕೊಯ್ಯೂದು ಏನೈತ್ರೀ?"

ಯೋಚಿಸಿ, ಮಳೆಗಾಲಕ್ಕೆ ಉಬ್ಬಿ ಮುಚ್ಚದ ನಮ್ಮ ಹಿತ್ತಿಲ ಬಾಗಿಲನ್ನು ಮುಂದೆ ಮಾಡಿದೆ.

"ಅದಕ್ಕ ಗರಗಸ ಬ್ಯಾಡ್ರೀ, ರಂದಾ ಸಾಕು," ಎಂದರು. ಆಮೇಲೆ ನನ್ನ ಕೈ ನೋಡಿ, "ಅದನ್ನೂ ನೀವು ಹಿಡಿಯೂದು ಬ್ಯಾಡ್ರೀ, ನಾನ ಬರ್ತೀನಿ."