ಬಾಯ್ಲರ್ ಪಕ್ಕದ ಪ್ರೀತಿ

ಅಕ್ಕಾ, ಯುದ್ಧದ ಸಿನಿಮಾ ಅಂದ ಕೂಡಲೇ ಬೇಡಪ್ಪ ಅನ್ನಬೇಡಿ. ‘ದಿ ಆಫ್ರಿಕನ್ ಕ್ವೀನ್’ ಆ ಜಾತಿಯದಲ್ಲ. 1951ರದು, ಜಾನ್ ಹ್ಯೂಸ್ಟನ್ ನಿರ್ದೇಶನ. ಬಂದೂಕು, ಮದ್ದು ಎಲ್ಲ ಇದೆ. ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಒಂದು ಹಳೇ ಉಗಿದೋಣಿ, ಅದರಲ್ಲಿರೋ ಇಬ್ಬರು ನಡುವಯಸ್ಸಿನವರು.

ಕಥೆ ನಡೆಯೋದು 1914ರಲ್ಲಿ, ಜರ್ಮನರ ಕೈಲಿದ್ದ ಪೂರ್ವ ಆಫ್ರಿಕಾದಲ್ಲಿ. ಸೈನಿಕರು ಬಂದು ಊರು ಸುಡ್ತಾರೆ. ಪಾದ್ರಿಯಾಗಿದ್ದ, ರೋಸ್ ಅನ್ನೋಳ ಒಡಹುಟ್ಟಿದವನು ಆ ಆಘಾತದಲ್ಲೇ ತೀರಿಹೋಗ್ತಾನೆ. ಒಂಟಿಯಾದ ರೋಸ್, ಸಾಮಾನು ಸಾಗಿಸೋ ಚಾರ್ಲಿಯ ದೋಣಿ ಹತ್ತುತ್ತಾಳೆ. ಅವನಿಗೆ ಎಲ್ಲಾದರೂ ಅವಿತುಕೊಂಡು ಯುದ್ಧ ಮುಗಿಯೋತನಕ ಇರೋಣ ಅಂತ. ಇವಳಿಗೆ ದೋಣಿಯಲ್ಲಿರೋ ಸಿಡಿಮದ್ದು, ಆಕ್ಸಿಜನ್ ಸಿಲಿಂಡರ್ ಕಂಡದ್ದೇ ತಡ, ಟಾರ್ಪೆಡೊ ಮಾಡಿ ಸರೋವರದಲ್ಲಿರೋ ಜರ್ಮನ್ ಗನ್‌ಬೋಟನ್ನೇ ಉಡಾಯಿಸೋ ಯೋಚನೆ!

ಚಾರ್ಲಿಯಾದ ಹಂಫ್ರಿ ಬೊಗಾರ್ಟ್‌ಗೆ ಆಗ 51, ರೋಸ್ ಆದ ಕ್ಯಾಥರಿನ್ ಹೆಪ್‌ಬರ್ನ್‌ಗೆ 44. ಪ್ರೀತಿ ಹೇಗೆ ಹುಟ್ಟುತ್ತೆ ಗೊತ್ತಾ? ಕೆಲಸ ಮಾಡ್ತಾ ಮಾಡ್ತಾ. ಅವನು ಎಂಜಿನ್ ನೋಡ್ಕೋತಾನೆ, ಇವಳು ಚುಕ್ಕಾಣಿ ಹಿಡೀತಾಳೆ. ಬಂಡೆಗೆ ಬಡಿದು ಪ್ರೊಪೆಲರ್ ಮುರಿದಾಗ, ಇನ್ನಾಗದು ಅಂತ ಕೈಚೆಲ್ಲಿದವನನ್ನು ಬೆಸುಗೆ ಹಾಕೋಕೆ ಹಚ್ಚುವವಳು ಅವಳೇ. ದಡದಲ್ಲಿ ಬೆಂಕಿ ಹೂಡಿ ಇಬ್ಬರೂ ಸೇರಿ ರಿಪೇರಿ ಮಾಡ್ತಾರೆ. ನೀರು ಕಡಿಮೆಯಾದ ಕಡೆ ಅವನು ಕೆಳಗೆ ಇಳಿದು ಹಗ್ಗ ಎಳೀತಾನೆ. ಮೇಲೆ ಬಂದರೆ ಮೈತುಂಬ ಜಿಗಣೆ. ಅಸಹ್ಯಕ್ಕೆ ನಡುಗ್ತಾ ಇರ್ತಾನೆ, ಇವಳು ಉಪ್ಪು ಹಾಕಿ ಬಿಡಿಸ್ತಾಳೆ. ದೋಣಿ ಮುಂದೆ ಹೋಗಬೇಕಲ್ಲ, ಅವನು ಮತ್ತೆ ಅದೇ ನೀರಿಗೆ ಇಳೀತಾನೆ. ಆ ಒಂದು ಕ್ಷಣದಲ್ಲಿ ಬೊಗಾರ್ಟನ ಮುಖ ನೋಡಬೇಕು ಅಕ್ಕಾ, ಪ್ರೀತಿ ಅಂದರೆ ಏನೂಂತ ಆ ಮುಖವೇ ಹೇಳುತ್ತೆ. ಅವನಿಗೆ ಬಂದ ಒಂದೇ ಒಂದು ಆಸ್ಕರ್ ಈ ಪಾತ್ರಕ್ಕೇ.

ಚಿತ್ರೀಕರಣಾನೂ ಸುಲಭದ್ದಲ್ಲ. ಬೆಲ್ಜಿಯನ್ ಕಾಂಗೋಗೆ, ಉಗಾಂಡಾಕ್ಕೆ ಟೆಕ್ನಿಕಲರ್‌ನ ಭಾರದ ಕ್ಯಾಮೆರಾ ಹೊತ್ತುಕೊಂಡು ಹೋಗಿದ್ದರು. ಹೆಪ್‌ಬರ್ನ್ ಆಮಶಂಕೆಯಿಂದ ಸೊರಗಿಹೋದಳು, ಆದರೂ ಬಿಡಲಿಲ್ಲ. ಆ ಅನುಭವದ ಮೇಲೆ 1987ರಲ್ಲಿ ಒಂದು ಪುಸ್ತಕಾನೇ ಬರೆದಳು.

ಕೊನೆ ಮಾತ್ರ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಸಿಕ್ಕಿಬಿದ್ದ ಮೇಲೆ, ನೇಣಿಗೆ ಹಾಕೋ ಮುಂಚೆ ಮದುವೆ ಮಾಡಿಸಿ ಅಂತ ಜರ್ಮನ್ ಕ್ಯಾಪ್ಟನ್ನನ್ನು ಕೇಳೋದು ಚೆನ್ನಾಗಿದೆ, ಕಣ್ಣು ತುಂಬಿತು. ಆಮೇಲೆ ಹಡಗು ತಾನಾಗೇ ಬಂದು ಟಾರ್ಪೆಡೊಗೆ ತಗಲೋದು ಬರೀ ಅದೃಷ್ಟ. ಅಷ್ಟು ದುಡಿದವರ ಕೈಯಿಂದಲೇ ಆ ಕೆಲಸ ಆಗಬೇಕಿತ್ತು. ನಿಜವಾಗಿ, ಸಿನಿಮಾದ ಹಡಗಿಗೆ ಸ್ಫೂರ್ತಿಯಾದ, ಟ್ಯಾಂಗನ್ಯೀಕಾ ಸರೋವರದಲ್ಲಿದ್ದ ‘ಗ್ರಾಫ್ ಫಾನ್ ಗೋಟ್ಜೆನ್’ ಅನ್ನೋ ಹಡಗನ್ನು ಶತ್ರುಗಳಿಗೆ ಸಿಗಬಾರದು ಅಂತ 1916ರಲ್ಲಿ ಜರ್ಮನರೇ ಮುಳುಗಿಸಿದ್ದರು. ಆಮೇಲೆ ಅದನ್ನು ಮೇಲೆತ್ತಿ, ‘ಲಿಯೆಂಬಾ’ ಅಂತ ಹೆಸರಿಡಲಾಯಿತು; ಅದು ದಶಕಗಟ್ಟಲೆ ಜನರನ್ನು ಸಾಗಿಸಿತು.

ಇನ್ನೊಂದು ವಿಷಯ ನನ್ನನ್ನು ಚುಚ್ಚುತ್ತೆ. ಸುಟ್ಟುಹೋದದ್ದು ಆಫ್ರಿಕಾದವರ ಮನೆ, ಹಿಡಿದುಕೊಂಡು ಹೋದದ್ದು ಅವರ ಗಂಡಸರನ್ನು. ದೋಣಿ ಹೊರಟ ಮೇಲೆ ಅವರ ಪಾಡೇನಾಯಿತು ಅಂತ ಸಿನಿಮಾ ಒಮ್ಮೆಯೂ ತಿರುಗಿ ನೋಡೋದಿಲ್ಲ. ನೀವು ನೋಡುವಾಗ ಆ ಮೊದಲ ಹತ್ತು ನಿಮಿಷ ಬಿಡಬೇಡಿ, ಚರ್ಚಿನಲ್ಲಿ ಕೂತವರ ಮುಖಗಳನ್ನೂ ಗಮನಿಸಿ.