ಗಾಲ್ ಬ್ಲಾಡರ್ ಆಪರೇಷನ್ ಅಂದ್ರಂತೆ?

ಬನ್ನಿ, ಕೂತ್ಕೊಳ್ಳಿ. ಪ್ಯಾಂಟು ಸೊಂಟದಲ್ಲಿ ನಿಲ್ತಾ ಇಲ್ಲ, ಬೆಲ್ಟಿಗೆ ಮೊಳೆ ಹೊಡೆದು ನೀವೇ ಎರಡು ತೂತು ಮಾಡ್ಕೊಂಡಿದ್ದೀರಿ, ಕೆನ್ನೆ ಒಳಗೆ ಹೋಗಿದೆ. ಆಫೀಸಲ್ಲಿ ಏನಂತ ಹೇಳಿದ್ರಿ? ಗಾಲ್ ಬ್ಲಾಡರ್ ಆಪರೇಷನ್ನಾ? ಅಂದ್ಕೊಂಡೆ! ಶಿವಾಜಿನಗರದಿಂದ ಕೆ.ಆರ್. ಪುರದವರೆಗೂ ತೂಕ ಇಳಿಸೋಕೆ ಹೊಟ್ಟೆ ಕುಯ್ಸಿಕೊಂಡವರೆಲ್ಲ ಹೇಳೋದು ಅದನ್ನೇ.

ನಾಚಿಕೆ ಪಡಬೇಡಿ, ನಾನೂ ಅದನ್ನೇ ಹೇಳಿದ್ದೆ. (ಅದರಿಂದ ಆದ ಅವಮಾನದ ಕತೆ ಕೊನೆಗಿದೆ, ಎದ್ದು ಹೋಗ್ಬೇಡಿ.) ಈ ವಿಷಯದಲ್ಲಿ ನಾನು ನಿಮಗಿಂತ ಮೂರು ವರ್ಷ ಸೀನಿಯರ್. ಕಾಲೇಜಲ್ಲಿ ಸೀನಿಯರ್ ಆದಾಗಲೂ ಇಷ್ಟು ಬುದ್ಧಿ ಹೇಳಿರಲಿಲ್ಲ. ಮೂವತ್ತು ಕಿಲೋ ಇಳಿದವರೆಲ್ಲ ಅರ್ಧ ಡಾಕ್ಟರಾಗಿಬಿಡ್ತಾರೆ, ನೀವೂ ಇನ್ನಾರು ತಿಂಗಳಲ್ಲಿ ಆಗ್ತೀರಿ, ನೋಡ್ತಿರಿ.

ಭಾನುವಾರ ಬೆಳಿಗ್ಗೆ ನಾವೈದು ಜನ ಹಲಸೂರು ಕೆರೆ ಹತ್ರ ಸೇರ್ತೀವಿ. ಶಿವಾಜಿನಗರದ ಭಾಯಿ, ಇಂದಿರಾನಗರದ ಸಾಫ್ಟ್‌ವೇರ್ ಹುಡುಗ, ಹಲಸೂರು ಸೋಮೇಶ್ವರ ದೇವಸ್ಥಾನದ ಪಕ್ಕದ ಬೀದಿಯ ಅಕ್ಕ, ಕೆ.ಆರ್. ಪುರದ ಟೀಚರಮ್ಮ, ಮತ್ತೆ ನಾನು. ಟೀಚರಮ್ಮ ಮೊದಲೆಲ್ಲ ಟಿನ್ ಫ್ಯಾಕ್ಟರಿ ಜಾಮು ಅಂತ ತಪ್ಪಿಸ್ಕೊಳ್ತಿದ್ರು. 2023ರ ಅಕ್ಟೋಬರಲ್ಲಿ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ ಮೆಟ್ರೋ ಕೂಡಿಕೊಂಡ ಮೇಲೆ ಆ ನೆಪವೂ ಹೋಯ್ತು, ಪಾಪ.

ಅವರಲ್ಲಿ ಭಾಯಿ ಒಬ್ಬರೇ ನಿಜ ಹೇಳಿದ್ದು. "ಬೈಪಾಸ್ ಹುವಾ" ಅಂದ್ರು. ಇಡೀ ಗಲ್ಲಿ ಹಾರ್ಟ್ ಬೈಪಾಸ್ ಅಂದ್ಕೊಳ್ತು! ರಸೆಲ್ ಮಾರ್ಕೆಟ್ಟಿಂದ ಬುಟ್ಟಿಗಟ್ಟಲೆ ಹಣ್ಣು ಬಂತು, ದುವಾ ಮಾಡಿದ್ರು, ಹಳೇ ಸಾಲದವನೂ ಆರು ತಿಂಗಳು ಕೇಳಲಿಲ್ಲ. ಭಾಯಿ ತಿದ್ದಲಿಕ್ಕೆ ಹೋಗ್ಲಿಲ್ಲ. (ನೀವಾಗಿದ್ರೆ ತಿದ್ದುತಿದ್ರಾ? ಎದೆ ಮುಟ್ಕೊಂಡು ಹೇಳಿ.)

ತೂಕ ಇಳಿಸೋ ಆಪರೇಷನ್ನಲ್ಲಿ ಮುಚ್ಚಿಡೋ ಅಂಥದ್ದೇನಿದೆ ಹೇಳಿ? ನಿತಿನ್ ಗಡ್ಕರಿ 2011ರಲ್ಲೇ ಮಾಡಿಸ್ಕೊಂಡ್ರು, ಅರುಣ್ ಜೇಟ್ಲಿ 2014ರಲ್ಲಿ, ಮಂತ್ರಿಯಾಗಿದ್ದಾಗಲೇ. ಪೇಪರಲ್ಲೆಲ್ಲ ಬಂತು. ದೇಶದ ಹಣಕಾಸು ಮಂತ್ರಿಗಿಲ್ಲದ ಗುಟ್ಟು ನಿಮ್ಮ ಹೊಟ್ಟೆಗ್ಯಾಕೆ?

ಸರಿ, ಒಳಗೇನಾಗಿದೆ ಅಂತಾದ್ರೂ ಗೊತ್ತಾ? ಸ್ಲೀವ್ ಆಪರೇಷನ್ ಅಂದ್ರೆ ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ಆಚೆ ಹಾಕಿ, ಉಳಿದದ್ದನ್ನ ಬಾಳೆಹಣ್ಣಿನ ಆಕಾರಕ್ಕೆ ಪಿನ್ ಹೊಡೆದು ಮುಚ್ತಾರೆ. ಹಿಡಿಯೋದು 100, ಹೆಚ್ಚಂದ್ರೆ 150 ಎಂಎಲ್, ಅಂದ್ರೆ ಹೋಟ್ಲಿನ ಒಂದು ಲೋಟ ಕಾಫಿ. ಭಾಯಿಯದು ಹೊಟ್ಟೆಯ ಬೈಪಾಸು, ಅವರ ಹೊಟ್ಟೆಯ ಚೀಲ 30 ಎಂಎಲ್ ಆಸುಪಾಸು. ಹಸಿವು ಹುಟ್ಟಿಸೋ ಗ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ತಯಾರಾಗೋದೂ ಸ್ಲೀವಲ್ಲಿ ಕತ್ತರಿಸಿ ಹಾಕಿದ ಆ ಮೇಲ್ಭಾಗದಲ್ಲೇ. ಆದ್ರೆ ಬಾಯಿ? ಅದನ್ನ ಇದ್ದಂಗೇ ಬಿಟ್ಟು ಮನೆಗೆ ಕಳಿಸಿದ್ದಾರೆ!

ಮೊದಲ ಎರಡು ವಾರ ಬರೀ ನೀರು ನೀರು. ಎಳನೀರು, ತಿಳಿಸಾರು, ಮಜ್ಜಿಗೆ, ಸೋಸಿದ ಅಂಬಲಿ. ಔಷಧಿ ಬಾಟಲಿ ಮುಚ್ಚಳದಲ್ಲಿ ಅಳೆದು, ಗುಟುಕು ಗುಟುಕಾಗಿ. ಭಾಯಿ ಮನೇಲಿ ಪಾಯಾ ಸೋಸಿ, ಮೇಲಿನ ಎಣ್ಣೆ ತೆಗೆದು ಕೊಟ್ರಂತೆ. ಆಮೇಲೆ ಮಿಕ್ಸಿ ಕಾಲ, ಆಮೇಲೆ ಮೆತ್ತಗಿನ ಊಟ, ಎರಡು ತಿಂಗಳ ಹೊತ್ತಿಗೆ ಮನೆಯವರ ಊಟ. ಮಿಕ್ಸಿ ಕಾಲದಲ್ಲಿ ನಮ್ಮನೇಲಿ ಹೆಸರುಬೇಳೆ, ಕ್ಯಾರೆಟ್ ಅರೆದು ಕೊಟ್ಟಾಗ ಹಿಂದಿನ ದಿನದ ಕಾಯಿಚಟ್ನಿ ವಾಸನೆ ಬಂತು ನೋಡಿ, ಕಣ್ಣಲ್ಲಿ ನೀರು ಬಂದಿತ್ತು. ನೀವೂ ಜಾರಿಗೆ ಮೂಗು ಹಾಕಿದ್ದೀರಿ, ಸುಳ್ಳು ಹೇಳ್ಬೇಡಿ.

ಟೀಚರಮ್ಮನ ಮುದ್ದೆ ಪ್ರಸಂಗ ಕೇಳಿ. ಅವರ ಊರು ಹೊಸಕೋಟೆ ಕಡೆ. ಅಲ್ಲಿ ಮುದ್ದೆ ಅಗಿದ್ರೆ ಅಜ್ಜಿ ತಲೆ ಮೇಲೆ ಮೊಟಕ್ತಿದ್ರಂತೆ. ಮುರಿ, ಸಾರಲ್ಲಿ ಹೊರಳಿಸು, ನುಂಗು, ಅಷ್ಟೇ. ಈ ಡಾಕ್ಟರು ನೋಡಿದ್ರೆ ಒಂದೊಂದು ತುತ್ತನ್ನೂ ಇಪ್ಪತ್ತೈದು ಸಲ ಅಗೀರಿ ಅಂತಾರೆ. ಅಜ್ಜಿ ಹೇಳಿದ್ದು ಮೇಲೋ, ಡಾಕ್ಟರು ಹೇಳಿದ್ದು ಮೇಲೋ?

ಎರಡು ತಿಂಗಳು ತುಂಬಿದ ದಿನ ಗೋಲಿ ಗಾತ್ರದ ಒಂದು ತುತ್ತು ಮುರಿದು, ಸೊಪ್ಪಿನ ಸಾರಲ್ಲಿ ಹೊರಳಿಸಿ, ಅಭ್ಯಾಸಬಲದಲ್ಲಿ ನುಂಗೇಬಿಟ್ರು. ಅದು ಎದೆ ನಡುವೆ ಕೂತ್ಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಬಿಕ್ಕಳಿಕೆ, ಮೂಗಿಂದ ನೀರು, ಬಾಯ್ತುಂಬ ನೊರೆ. ಸಿಂಕಿನ ಅಂಚು ಹಿಡ್ಕೊಂಡು ಅರ್ಧ ಗಂಟೆ ನಿಂತಿದ್ರಂತೆ, ಹಾಲ್‌ನಲ್ಲಿ ಟ್ಯೂಷನ್ ಮಕ್ಕಳು ಮಗ್ಗಿ ಒಪ್ಪಿಸ್ತಾ ಕೂತಿದ್ವಂತೆ. ಈಗ್ಲೂ ಮುದ್ದೆ ತಿಂತಾರೆ, ಬಿಟ್ಟಿಲ್ಲ. ಸಾರು ಜಾಸ್ತಿ, ಮುದ್ದೆ ಕಮ್ಮಿ, ಅಗಿದು ಅಗಿದು, ಅಜ್ಜಿ ಫೋಟೋಗೆ ಬೆನ್ನು ಹಾಕಿ ಕೂತು.

ಆ ಮೂಗಿನ ನೀರು ಅಂದ್ನಲ್ಲ, ಅದನ್ನ ಗಮನಿಸಿ. ಹೊಸ ಹೊಟ್ಟೆಗೆ ಸಾಕು ಅನ್ನೋಕೆ ಬಾಯಿಲ್ಲ. ಒಬ್ಬರಿಗೆ ಬಿಕ್ಕಳಿಕೆ, ಒಬ್ಬರಿಗೆ ಸೀನು, ನನಗೆ ಎಡಗಡೆ ಮೂಗು ಸೋರುತ್ತೆ. ಅದೇ ಬೆಲ್ಲು. ಬೆಲ್ಲು ಹೊಡೆದ ಮೇಲೆ "ತಟ್ಟೇಲಿ ಬಿಡಬಾರದು, ಅನ್ನಪೂರ್ಣೇಶ್ವರಿ ಶಾಪ ಹಾಕ್ತಾಳೆ" ಅಂತ ಇನ್ನೊಂದು ತುತ್ತು ಹಾಕ್ಕೊಳ್ತೀರಲ್ಲ, ಅದು ವಾಪಸ್ ಬರುತ್ತೆ. ಅನ್ನಪೂರ್ಣೇಶ್ವರಿಗೆ ಅದರಲ್ಲಿ ಸಂತೋಷ ಏನಿದೆ?

ಮೊದಲ ಸಲ ದರ್ಶಿನಿಗೆ ಹೋದಾಗ ಹುಷಾರು. ಸಿಎಂಎಚ್ ರೋಡಲ್ಲಿ ನಿಂತ್ಕೊಂಡು ನಾನು ಒಂದು ಇಡ್ಲಿಗೆ ಇಪ್ಪತ್ತು ನಿಮಿಷ ತಗೊಂಡೆ. ಆ ಟೇಬಲ್ಲಿಗೆ ಅಷ್ಟರಲ್ಲಿ ಆರು ಜನ ಬಂದು ತಿಂದು ಹೋಗಿದ್ರು. ಟೇಬಲ್ ಒರೆಸೋ ಹುಡುಗ ಮೂರು ಸಲ ಬಂದು ನೋಡಿ, ಕೊನೆಗೆ "ಸಾರ್, ಇಡ್ಲಿ ಚೆನ್ನಾಗಿಲ್ವಾ?" ಅಂದ. ಅವನಿಗೇನು ಗೊತ್ತು, ನನ್ನ ಜೀವನದಲ್ಲೇ ಅಷ್ಟು ಚೆನ್ನಾಗಿರೋ ಇಡ್ಲಿ ತಿಂದಿರಲಿಲ್ಲ. ಎರಡನೇದನ್ನ ಮಾತ್ರ ನೋಡಕ್ಕೂ ಆಗ್ಲಿಲ್ಲ.

ಊಟದ ಜೊತೆ ನೀರು ಕುಡೀಬೇಡಿ, ಮುಗಿದ ಮೇಲೆ ಅರ್ಧ ಗಂಟೆ ಬಿಟ್ಟು ಗುಟುಕರಿಸಿ. ಅದೇ ಕಾರಣಕ್ಕೆ ಸಾಂಬಾರಲ್ಲಿ ಮುಳುಗಿಸಿದ ಇಡ್ಲಿಯೂ ಮೋಸ, ತಿಂದದ್ದು ಬೇಗ ಜಾರಿ ಹೋಗುತ್ತೆ, ಮತ್ತೆ ಜಾಗ ಖಾಲಿ. ಜಾರೋದು ಅಂದ ಕೂಡಲೇ ನಿಮ್ಮ ಕಣ್ಣು ಯಾಕೆ ಹೊಳೀತು? ಗೊತ್ತಾಯ್ತು ಬಿಡಿ, ನಿಮಗೆ ಆಗಲೇ ಆ ಗುಟ್ಟು ಗೊತ್ತು.

ಚಿಪ್ಸು, ಖಾರಾ ಬೂಂದಿ, ಐಸ್‌ಕ್ರೀಮು, ಕೇಸರಿಬಾತು. ಇವ್ಯಾವುವೂ ಎದೇಲಿ ಸಿಕ್ಕಿಹಾಕ್ಕೊಳ್ಳಲ್ಲ, ಮೂಗೂ ಸೋರಲ್ಲ. ಮೊಟ್ಟೆ ಅರ್ಧಕ್ಕೇ ಸಾಕಾಗುತ್ತೆ, ಚಿಪ್ಸು ಪ್ಯಾಕೆಟ್ಟೇ ಖಾಲಿ. ಫ್ರೇಜರ್ ಟೌನಿನ ಆಲ್ಬರ್ಟ್ ಬೇಕರಿ ಇದೆಯಲ್ಲ, 1902ರಿಂದ ಇರೋದು, ಅಲ್ಲಿ ಪಫ್ಸು ಒಲೆಯಿಂದ ಇಳಿಯೋ ಹೊತ್ತಿಗೆ ಸರಿಯಾಗಿ ನಿಮಗೆ ಮಾಸ್ಕ್ ರೋಡಲ್ಲಿ ಕೆಲಸ ಬೀಳುತ್ತೆ, ಅಲ್ವಾ? ಎರಡನೇ ವರ್ಷದಲ್ಲಿ ತೂಕ ವಾಪಸ್ ಬರೋದು ಹೀಗೇ, ಪುಡಿ ಪುಡಿಯಾಗಿ.

ಭಾಯಿಗೆ ಆ ಸುಖವೂ ಇಲ್ಲ. ಬೈಪಾಸಿನವರಿಗೆ ಸಕ್ಕರೆ ನೇರ ಕರುಳಿಗೆ ಧುಮುಕುತ್ತೆ, ಡಂಪಿಂಗ್ ಅಂತಾರೆ. ಮೊದಲ ಈದ್‌ಗೆ ಒಂದು ಬಟ್ಟಲು ಶೀರ್ ಖುರ್ಮಾ ಎತ್ತಿದ್ರು. ಇಪ್ಪತ್ತು ನಿಮಿಷಕ್ಕೆ ಬೆವರು, ಎದೆ ಡವಡವ, ಹೊಸ ಕುರ್ತಾ ಹಾಕ್ಕೊಂಡೇ ಮಲಗಿಬಿಟ್ರು. ಗಲ್ಲಿಯವರಿಗೆ ಅಂದಿಗೆ ಖಾತ್ರಿಯಾಯ್ತು, ಇದು ಹಾರ್ಟೇ ಅಂತ. ಉಪವಾಸದ ವಿಷಯದಲ್ಲಿ ಅವರು ಜಾಣರು, ಡಾಕ್ಟರನ್ನ ಕೇಳಿ, ಆ ವರ್ಷ ರೋಜಾ ಬಿಟ್ರು. (ಏಕಾದಶಿಯವರೇ, ನಿಮಗೂ ಹೇಳ್ತಿರೋದು.)

ಪ್ರೋಟೀನ್ ಲೆಕ್ಕಕ್ಕೆ ಬನ್ನಿ. ದಿನಕ್ಕೆ 60ರಿಂದ 80 ಗ್ರಾಂ ಬೇಕು. ಒಂದು ಮೊಟ್ಟೇಲಿ ಆರು, ಒಂದು ಲೋಟ ಹಾಲಲ್ಲಿ ಹೆಚ್ಚೂಕಮ್ಮಿ ಅಷ್ಟೇ, ನೂರು ಗ್ರಾಂ ಪನೀರಲ್ಲಿ ಹದಿನೆಂಟು. ನಿಮ್ಮ ತಿಳಿಸಾರಲ್ಲಿ ಎಷ್ಟಿದೆ ಅಂತ ಕೇಳಿ ನನ್ನ ನಗಿಸ್ಬೇಡಿ. ಮೊದಲು ಪ್ರೋಟೀನು ತಿಂದು ಆಮೇಲೆ ಜಾಗ ಇದ್ರೆ ಅನ್ನ. ಹಲಸೂರಕ್ಕ ಈ ಲೆಕ್ಕ ತಪ್ಪಿದ್ರು, ನಾಲ್ಕನೇ ತಿಂಗಳು ಬಾಚಣಿಗೆ ತುಂಬ ಕೂದಲು. ಮೂರರಿಂದ ಆರು ತಿಂಗಳ ಮಧ್ಯೆ ಸುಮಾರು ಜನಕ್ಕೆ ಉದುರುತ್ತೆ, ಮತ್ತೆ ಬರುತ್ತೆ. ಪ್ರೋಟೀನು, ಕಬ್ಬಿಣ ಕಮ್ಮಿಯಾದ್ರೆ ಇನ್ನೂ ಜಾಸ್ತಿ. ಅಕ್ಕ ಏನ್ಮಾಡಿದ್ರು? ಮೂರು ಥರ ಶಾಂಪೂ ಬದಲಾಯಿಸಿದ್ರು!

ಮಾತ್ರೆಗಳನ್ನೂ ಹಾಗೇ ಬೆಳಿಗ್ಗೆ ಒಂದೇ ಮುಷ್ಟೀಲಿ ನುಂಗ್ತೀರಿ ತಾನೇ, ಕಾಫಿ ಜೊತೆ? ಕ್ಯಾಲ್ಸಿಯಂ ಮತ್ತೆ ಕಬ್ಬಿಣ ಒಟ್ಟಿಗೆ ಹೋದ್ರೆ ಜಗಳ ಆಡ್ತವೆ, ಎರಡು ಗಂಟೆ ಅಂತರ ಕೊಡಿ. ಕಬ್ಬಿಣಕ್ಕೆ ಕಾಫಿ ಟೀ ಕಂಡ್ರೆ ಆಗಲ್ಲ. ಬಿ12 ಅಂತೂ ಸಾಯೋವರೆಗೆ.

ಇಂದಿರಾನಗರದ ಹುಡುಗ ಆರನೇ ತಿಂಗಳಿಗೇ ಟ್ವೆಲ್ತ್ ಮೇನ್ ಕಡೆ ಹೊರಟ, "ಒಂದೇ ಮಗ್ಗು ಬಿಯರ್ ಅಂಕಲ್" ಅಂತ. ಮೊದಲು ನಾಲ್ಕು ಮಗ್ಗಿಗೂ ಜಗ್ಗದವನು, ಈಗ ಒಂದಕ್ಕೇ ಮ್ಯಾನೇಜರ್ ಹತ್ರ ಹೋಗಿ ತನ್ನ ಅಪ್ರೈಸಲ್ ಬಗ್ಗೆ ಮನಸ್ಸು ಬಿಚ್ಚಿದ. ಇಂಥ ಹೊಟ್ಟೆಯಿಂದ ಮದ್ಯ ಬಹಳ ಬೇಗ ರಕ್ತಕ್ಕೆ ಏರುತ್ತೆ ಕಣ್ರೀ. ಬಿಯರಿನ ಗ್ಯಾಸಿನ ಕಾಟ ಬೇರೆ.

ಒಂದು ವಿಷಯಕ್ಕೆ ಮಾತ್ರ ನಮ್ಮನ್ನ ಕೇಳ್ಬೇಡಿ. ಜ್ವರ ಬಂತು, ನಾಡಿ ನಿಮಿಷಕ್ಕೆ 120 ದಾಟಿ ಇಳೀತಿಲ್ಲ, ಹೊಟ್ಟೆ ಅಥವಾ ಎಡ ಭುಜ ನೋಯ್ತಿದೆ ಅಂದ್ರೆ, ಹೊಲಿಗೆ ಬಿಟ್ಟಿರಬಹುದು. ವಾಂತಿ ನಿಲ್ತಾನೇ ಇಲ್ಲ, ಪಾದ ಜೋಮು ಹಿಡಿದಿದೆ ಅಂದ್ರೆ ವಿಟಮಿನ್ ಬಿ1 ಬರಿದಾಗಿರಬಹುದು. ವಾಟ್ಸಪ್ಪಲ್ಲಿ ಟೈಪ್ ಮಾಡ್ತಾ ಕೂತ್ಕೋಬೇಡಿ, ಆಟೋ ಹತ್ತಿ, ಆಪರೇಷನ್ ಮಾಡಿದವರ ಹತ್ರ ಹೋಗಿ. ನಾವು ಕೆರೆ ದಂಡೆ ಡಾಕ್ಟರುಗಳು, ನಮಗೆ ಇಡ್ಲಿ ಮಾತ್ರ ಗೊತ್ತು.

ಈಗ ನನ್ನ ಅವಮಾನ. ಗಾಲ್ ಬ್ಲಾಡರ್ ತೆಗೆಸ್ದೆ ಅಂತ ಊರಿಗೆಲ್ಲ ಸಾರಿದ್ನಾ? ತೂಕ ಸರಸರ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟೋದುಂಟು, ಅದಕ್ಕೇ ಆರು ತಿಂಗಳು ಒಂದು ಮಾತ್ರೆ ಬರೆದುಕೊಟ್ಟಿದ್ರು. ಎರಡು ತಿಂಗಳು ನುಂಗಿ, ಚೆನ್ನಾಗಿದ್ದೀನಲ್ಲ ಅಂತ ಬಿಟ್ಟೆ. ಒಂಬತ್ತನೇ ತಿಂಗಳು ರಾತ್ರಿ ಎರಡು ಗಂಟೆಗೆ ಬಲಪಕ್ಕೆ ಹಿಡ್ಕೊಂಡು ನೆಲದ ಮೇಲೆ ಉರುಳಾಡಿದೆ. ಸ್ಕ್ಯಾನ್ ಮಾಡಿದ್ರೆ ಕಲ್ಲು. ಗಾಲ್ ಬ್ಲಾಡರ್ ತೆಗೀಬೇಕು, ನಿಜವಾಗ್ಲೂ!

ನೆಂಟರಿಗೆ ಏನಂತ ಹೇಳೋದು? ಮನುಷ್ಯನಿಗೆ ಇರೋದೇ ಒಂದು, ಅದನ್ನ ನಾನಾಗಲೇ ಬಾಯಲ್ಲಿ ತೆಗೆಸಿಬಿಟ್ಟಿದ್ದೆ. ಗತಿಯಿಲ್ಲದೆ ಅಪೆಂಡಿಕ್ಸ್ ಅಂದೆ. ಸೋದರತ್ತೆ ಹಾಸಿಗೆ ಪಕ್ಕ ಕೂತು ನನ್ನ ಕೈ ಹಿಡ್ಕೊಂಡು, "ಅಪೆಂಡಿಕ್ಸ್ ಹತ್ತನೇ ಕ್ಲಾಸಲ್ಲೇ ತೆಗೆಸಿದ್ವಲ್ಲೋ, ಮರೆತ್ಯಾ?" ಅಂದ್ರು. ಎಲ್ಲ ಒಪ್ಪಿಸಿದೆ. ಒಂದು ನಿಮಿಷ ಸುಮ್ಮನಿದ್ದು, "ಹಾಗಾದ್ರೆ ಆ ಯುಗಾದೀಲಿ ನಾನು ನಿನಗೆ ಎರಡು ಹೋಳಿಗೆ ಒತ್ತಾಯ ಮಾಡಿ ಬಡಿಸಿದ್ನಲ್ಲ, ಏನ್ಮಾಡ್ದೆ?" ಅಂದ್ರು. ಪಂಚೆ ಮಡಿಲಲ್ಲಿ ಇಟ್ಕೊಂಡು ಹೋಗಿ ಹಸುಗೆ ಹಾಕಿದ್ದೆ ಅತ್ತೆ, ಅಂದೆ.

ಈಗ ಅವರ ಮನೆಗೆ ಹೋದ್ರೆ ನನಗೆ ಅರಿಶಿನ ಕುಂಕುಮದ ತಟ್ಟೆಯಷ್ಟೇ ಪುಟ್ಟ ತಟ್ಟೆ. ಅರ್ಧ ಹೋಳಿಗೆ, ಒಂದು ಚಮಚ ತುಪ್ಪ, ಪಕ್ಕದಲ್ಲಿ ನೀರಿನ ಲೋಟ ಇಲ್ಲ. ನನಗಿಂತ ಚೆನ್ನಾಗಿ ಅವರಿಗೇ ರೂಲ್ಸು ಗೊತ್ತು.

ಈ ಭಾನುವಾರ ಆರೂವರೆಗೆ ಕೆರೆ ಹತ್ರ ಬನ್ನಿ. ನೀರಿನ ಬಾಟಲಿ ತನ್ನಿ, ಪಫ್ಸ್ ತರಬೇಡಿ. ತಂದ್ರೆ ಒಂದೇ ತನ್ನಿ, ಐದು ಜನ ಇದ್ದೀವಿ, ಸಾಕಾಗಿ ಮಿಗುತ್ತೆ.